ಮದ್ದು ಹೊಡೆಯುವ ಡ್ರೋನಿನ ಮೋಟಾರು ಹಾರಾಟದಲ್ಲೇ ಸೋತಾಗ: ಇಳಿಸುವುದು, ಕಾರಣ ಹುಡುಕುವುದು

ತೋಟದಲ್ಲಿ ಬಿದ್ದ ಡ್ರೋನನ್ನು ಹೊತ್ತು ತಂದವರು ಮೊದಲು ಎತ್ತಿ ತೋರಿಸುವುದು ಮುರಿದ ಪ್ರೊಪೆಲ್ಲರನ್ನು. ಅದು ಮುರಿದದ್ದರಿಂದಲೇ ಡ್ರೋನ್ ಬಿತ್ತು ಎಂದುಕೊಳ್ಳುವುದು ಸಹಜ. ಆದರೆ ಅಡಿಕೆ ಮರದ ತಲೆಗೆ ತಾಗಿಯೋ ಅಗಳದ ಚಿರೆಕಲ್ಲಿಗೆ ಬಡಿದೋ ಪ್ರೊಪೆಲ್ಲರ್ ಮುರಿಯುವುದು ಬೀಳುವ ಹೊತ್ತಿಗೆ. ಅದಕ್ಕೂ ಮುಂಚೆ ಎಲ್ಲೋ ಒಂದು ಬೇರಿಂಗ್ ಹಿಡಿದಿರುತ್ತದೆ, ಒಂದು ಕನೆಕ್ಟರ್ ಕಪ್ಪಾಗಿರುತ್ತದೆ, ಇಲ್ಲವೇ ಬ್ಯಾಟರಿಯ ಒಂದು ಸೆಲ್ ಕುಸಿದಿರುತ್ತದೆ. ಮೊದಲು ಸೋತದ್ದು ಯಾವುದು ಎಂದು ಗೊತ್ತಾಗದೆ ಪ್ರೊಪೆಲ್ಲರ್ ಮಾತ್ರ ಬದಲಿಸಿ ಮತ್ತೆ ಹಾರಿಸಿದರೆ, ಎರಡನೇ ಸಲ ಬೀಳುವುದೂ ಅದೇ ಕಾರಣಕ್ಕೆ.

ಇಲ್ಲಿ ಹೇಳುತ್ತಿರುವುದು ಆರು ಮೋಟಾರಿನ, 10 ಲೀಟರ್ ಟ್ಯಾಂಕಿನ, 12 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ ಓಡುವ ಡ್ರೋನಿನ ಬಗ್ಗೆ. ಲಾಗ್, ಅಂದರೆ ಡ್ರೋನ್ ತಾನೇ ಬರೆದಿಡುವ ಹಾರಾಟದ ದಾಖಲೆ, ಓದುವ ಕ್ರಮವನ್ನು ಡ್ರೋನಿನ ಕಂಟ್ರೋಲರಿನಲ್ಲಿ ಓಡುವ ಆರ್ಡುಪೈಲಟ್ ತಂತ್ರಾಂಶಕ್ಕೆ ಹೊಂದಿಸಿ ಬರೆದಿದೆ. ಬೇರೆ ಕಂಟ್ರೋಲರ್ ಇದ್ದರೆ ಹೆಸರುಗಳು ಬದಲಾಗುತ್ತವೆ, ತರ್ಕ ಅದೇ. ಬನವಾಸಿ ಕಡೆಯ ಬಯಲು ಗದ್ದೆಯಲ್ಲಿ ಮೋಟಾರು ಸೋತರೆ ಡ್ರೋನ್ ಕೆಸರಿಗೆ ಬೀಳುತ್ತದೆ, ಅಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆ ತೋಟದಲ್ಲಿ ಹಾಗಲ್ಲ. ಕೆಳಗೆ 15–20 ಮೀಟರ್ ಎತ್ತರದ ಅಡಿಕೆ ಮರ, ಪಕ್ಕದಲ್ಲಿ ಏರಿ ನಿಂತ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಮರದ ಬುಡದಲ್ಲಿ ಜನ. ಅದಕ್ಕೇ ಹೆಚ್ಚಿನ ಮಾತು ತೋಟವನ್ನು ಕುರಿತದ್ದು.

ಗಾಳಿಯಲ್ಲಿರುವಾಗ

ರೆಕ್ಕೆಯ ಸಿಂಪಡಣಾ ವಿಮಾನಕ್ಕೆ ಎಂಜಿನ್ ನಿಂತರೂ ಒಂದಿಷ್ಟು ಅವಕಾಶ ಉಳಿಯುತ್ತದೆ. ಬೆಂಗಳೂರಿನ ಎಚ್‌ಎಎಲ್ 1970ರ ದಶಕದಲ್ಲಿ ಕಟ್ಟಿದ ಬಸಂತ್‌ನಂಥ ವಿಮಾನವಾದರೆ ಪೈಲಟ್ ಮೂತಿ ಎತ್ತಿ, ಇರುವ ವೇಗವನ್ನು ಎತ್ತರಕ್ಕೆ ತಿರುಗಿಸಿ, ತೇಲುತ್ತಾ ಒಂದು ಗದ್ದೆ ಹುಡುಕಬಹುದು. ಡ್ರೋನಿಗೆ ತೇಲುವ ರೆಕ್ಕೆ ಇಲ್ಲ. ಟ್ಯಾಂಕನ್ನು ಒಮ್ಮೆಲೇ ಬರಿದು ಮಾಡುವ ಬಾಗಿಲೂ ಸಾಮಾನ್ಯವಾಗಿ ಇರುವುದಿಲ್ಲ. ಪಂಪನ್ನು ಪೂರ್ತಿ ಬಿಟ್ಟರೂ ಅರ್ಧ ನಿಮಿಷದಲ್ಲಿ ಹೊರಹೋಗುವುದು ಒಂದೆರಡು ಲೀಟರ್. ಭಾರ ಇಳಿಸುವ ಯೋಚನೆಯಲ್ಲಿ ಆ ಕ್ಷಣ ಕಳೆಯಬೇಡಿ.

ಆರರಲ್ಲಿ ಒಂದು ಮೋಟಾರು ಹೋದರೆ ಐದು ಉಳಿದವು ಎಂಬ ಲೆಕ್ಕ ತಪ್ಪು. ಸಮತೋಲಕ್ಕಾಗಿ ಕಂಟ್ರೋಲರ್ ಎದುರು ಬದಿಯ ಮೋಟಾರನ್ನೂ ಬಹುತೇಕ ತಗ್ಗಿಸುತ್ತದೆ. ಭಾರ ಹೊರುವುದು ಉಳಿದ ನಾಲ್ಕು ಮಾತ್ರ. ತುಂಬಿದ ಟ್ಯಾಂಕಿನೊಂದಿಗೆ ಒಟ್ಟು 24 ಕಿಲೊ ಇದ್ದರೆ ಒಂದೊಂದು ಮೋಟಾರಿನ ಪಾಲು 4 ಕಿಲೊ. ಒಂದು ಸೋತ ಕೂಡಲೇ ಅದು 6 ಕಿಲೊ ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ಆದ್ದರಿಂದ ತುಂಬಿದ ಟ್ಯಾಂಕಿನಲ್ಲಿ ಸುಮ್ಮನೆ ನಿಂತು ತೇಲುವಾಗಲೇ ಥ್ರಾಟಲ್ ಶೇಕಡಾ 65 ದಾಟುತ್ತಿದ್ದರೆ ನಿಮ್ಮ ಡ್ರೋನಿಗೆ ಮೋಟಾರು ಸೋಲನ್ನು ತಡೆದುಕೊಳ್ಳುವ ಶಕ್ತಿಯೇ ಇಲ್ಲ ಎಂದು ತಿಳಿಯಿರಿ. ಟ್ಯಾಂಕಿಗೆ 10ರ ಬದಲು 7 ಲೀಟರ್ ತುಂಬಿ. ಕುಮಟಾದ ಕರಾವಳಿಯಲ್ಲಿ ಸರಾಗ ಎತ್ತಿದ ಭಾರವನ್ನು ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಎತ್ತುವಾಗ ಗಾಳಿ ಶೇಕಡಾ 5–6ರಷ್ಟು ತೆಳುವಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಮೋಟಾರು ಸೋಲುವ ಮುನ್ನ ಸೂಚನೆ ಕೊಡುವುದುಂಟು. ಒಂದು ಮೂಲೆಯಿಂದ ಬೇರೆಯದೇ ಶ್ರುತಿಯ ಕೀರಲು, ಗಾಳಿ ಇಲ್ಲದಿದ್ದರೂ ಒಂದೇ ಬದಿಗೆ ವಾಲುವುದು, ಹೇಳದೆ ಮೂತಿ ತಿರುಗುವುದು, ಪರದೆಯ ಮೇಲೆ ವೋಲ್ಟೇಜ್ ಒಮ್ಮೆ ಜಾರಿ ಮತ್ತೆ ಏರುವುದು. ಇವುಗಳಲ್ಲಿ ಒಂದು ಕಂಡರೂ ಆ ಸಾಲು ಮುಗಿಸಿ ಇಳಿಸೋಣ ಎನ್ನಬೇಡಿ.

ಆಗ ಕೈ ತಾನಾಗಿ ಹೋಗುವುದು ‘ಮನೆಗೆ ಮರಳು’ (ಆರ್‌ಟಿಎಲ್) ಗುಂಡಿಗೆ. ಅದನ್ನು ಒತ್ತಬೇಡಿ. ಆರ್‌ಟಿಎಲ್ ಕೊಟ್ಟ ಕೂಡಲೇ ಡ್ರೋನ್ ಮೊದಲು ನಿಗದಿತ ಎತ್ತರಕ್ಕೆ ಏರುತ್ತದೆ, ಆಮೇಲೆ ಮರಳುತ್ತದೆ. ಏರುವುದಕ್ಕೇ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕು, ಸೋತ ಡ್ರೋನಿನಲ್ಲಿ ಇಲ್ಲದಿರುವುದೂ ಅದೇ. ಸ್ವಯಂ ಹಾರಾಟದಿಂದ, ನಿಂತ ಜಾಗ ಮತ್ತು ಎತ್ತರ ಎರಡನ್ನೂ ಕಾಯುವ ಲಾಯ್ಟರ್‌ಗೆ ತನ್ನಿ. ಅದು ಹಿಡಿತ ಕೊಡದಿದ್ದರೆ ಎತ್ತರ ಮಾತ್ರ ಕಾಯುವ ಆಲ್ಟ್‌ಹೋಲ್ಡ್‌ಗೆ. ಮೊದಲೇ ಗೊತ್ತು ಮಾಡಿಟ್ಟ ಜಾಗದ ಕಡೆ ನಿಧಾನ ಸರಿಸುತ್ತಾ ಇಳಿಸಿ. ನೇರ ಕೆಳಗೆ ಭರದಿಂದ ಇಳಿಸಿದರೆ ಡ್ರೋನ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿ ಇನ್ನಷ್ಟು ಬೇಗ ಕುಸಿಯುತ್ತದೆ. ಸ್ವಲ್ಪ ಮುಂದಕ್ಕೆ ಚಲಿಸುತ್ತಾ ಓರೆಯಾಗಿ ಇಳಿಸುವುದು ಒಳ್ಳೆಯದು.

ಜಾಗ ಗೊತ್ತು ಮಾಡುವುದು ಹಾರಿಸುವ ಮುನ್ನ, ಪ್ರತಿ ತುಂಡು ತೋಟಕ್ಕೂ ಬೇರೆ ಬೇರೆಯಾಗಿ. ಬ್ಯಾಣ (ಹುಲ್ಲುಗಾವಲು), ಖಾಲಿ ಗದ್ದೆ, ಜನ ಇಲ್ಲದ ಅಂಗಳ ಯಾವುದಾದರೂ ಆದೀತು, ಆದರೆ ಎರಡು ಇರಲಿ. ಅಲ್ಲಿಗೆ ಮುಟ್ಟುವುದಿಲ್ಲ ಎಂದು ಖಚಿತವಾದರೆ ಜನ ನಿಂತ ಕಡೆಯಿಂದ ದೂರದ ಮರದ ತಲೆಯ ಮೇಲೇ ಕೂರಿಸಿ. ಸೋಗೆಗೆ ತಾಗಿದ ಕ್ಷಣ ಮೋಟಾರು ಬಂದ್ ಮಾಡಿ. ತಡವಾದರೆ ಪ್ರೊಪೆಲ್ಲರ್ ಸೋಗೆಯನ್ನು ಕಚ್ಚಿಕೊಂಡು ಡ್ರೋನನ್ನು ಮಗುಚಿ ಕೆಳಗೆ ಎಸೆಯುತ್ತದೆ. ಮದ್ದು ಕಲಸುವವರು, ಬ್ಯಾಟರಿ ಬದಲಿಸುವವರು ಹಾರಾಟದ ಸಾಲಿನಿಂದ ಕನಿಷ್ಠ 20 ಮೀಟರ್ ಆಚೆ ಇರಬೇಕು. ತೋಟದ ಒಳಗೆ ಆ ಹೊತ್ತಿಗೆ ಯಾರೂ ಇರಕೂಡದು.

ಬಿದ್ದ ಮೇಲೆ

ರಿಮೋಟನ್ನು ಬಂದ್ ಮಾಡಬೇಡಿ. ಡಿಸ್‌ಆರ್ಮ್ ಆಗಿದೆ, ಅಂದರೆ ಮೋಟಾರು ತಿರುಗದಂತೆ ಬೀಗ ಬಿದ್ದಿದೆ ಎಂದು ಪರದೆಯಲ್ಲಿ ನೋಡಿಕೊಂಡ ಮೇಲೆಯೇ ಹತ್ತಿರ ಹೋಗಿ. ಮರದ ತಲೆಯಲ್ಲಿ ಸಿಕ್ಕಿಕೊಂಡಿದ್ದರೆ ಇಳಿಸುವುದು ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ಕೆಲಸ, ಹುಮ್ಮಸ್ಸಿನ ಹುಡುಗರದ್ದಲ್ಲ. ಮರ ಹತ್ತುವವರಿಗೆ ಕೈಗವಸು, ಕನ್ನಡಕ ಕೊಡಿ. ಮೇಲಿಂದ ಮದ್ದು ತೊಟ್ಟಿಕ್ಕುತ್ತಿರುತ್ತದೆ. ಮೊದಲು ಹಗ್ಗ ಬಿಗಿದು, ಆಮೇಲೆ ಬ್ಯಾಟರಿ ಕಳಚಿ, ಕೊನೆಗೆ ಡ್ರೋನ್ ಇಳಿಸಬೇಕು.

ಬಿದ್ದ ಬ್ಯಾಟರಿ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಪದರ ಹರಿದಿರಬಹುದು, ಬೆಂಕಿ ತಡವಾಗಿ ಹೊತ್ತಿಕೊಳ್ಳಬಹುದು. ಮನೆಯೊಳಗೆ, ಕಾರಿನೊಳಗೆ, ಅಡಿಕೆ ಚೀಲ ಇಟ್ಟ ಅಟ್ಟದಲ್ಲಿ ಇಡಲೇಬೇಡಿ. ಬಯಲಲ್ಲಿ, ಮಣ್ಣಿನ ನೆಲದ ಮೇಲೆ, ಮಳೆ ಬೀಳದಂತೆ ಮರೆ ಮಾಡಿ ಒಂದು ಇಡೀ ದಿನ ಬಿಡಿ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳು ಇರಲಿ. ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆ ಉಪ್ಪುನೀರಿಗೆ ಬಿದ್ದಿದ್ದರೆ ಆ ಬ್ಯಾಟರಿಯ ಆಸೆ ಬಿಟ್ಟುಬಿಡಿ, ಒಣಗಿಸಿ ಮತ್ತೆ ಚಾರ್ಜಿಗೆ ಹಾಕುವ ಪ್ರಯತ್ನ ಬೇಡ.

ಏನನ್ನೂ ಒರೆಸುವ ಮುನ್ನ ಫೋಟೊ ತೆಗೆಯಿರಿ. ಆರೂ ಮೋಟಾರು, ಆರೂ ತೋಳು, ಕನೆಕ್ಟರಿನ ಎರಡೂ ಬದಿ. ಚೂರಾದ ಪ್ರೊಪೆಲ್ಲರಿನ ತುಂಡುಗಳನ್ನು ಆರಿಸಿ, ಯಾವುದು ಎಲ್ಲಿ ಬಿದ್ದಿತ್ತೆಂದು ಗುರುತು ಹಾಕಿ. ಡ್ರೋನ್ ಬಿದ್ದ ಜಾಗದಿಂದ 30 ಹೆಜ್ಜೆ ಹಿಂದೆ ಒಂದು ತುಂಡು ಸಿಕ್ಕರೆ ಆ ಪ್ರೊಪೆಲ್ಲರ್ ಗಾಳಿಯಲ್ಲೇ ಮುರಿದಿತ್ತು ಎಂದರ್ಥ, ಆಗ ಮಾತ್ರ ಅದು ಕಾರಣವಾಗಬಲ್ಲದು. 2021ರ ಡ್ರೋನ್ ನಿಯಮಗಳ ಪ್ರಕಾರ ಅಪಘಾತವನ್ನು 48 ಗಂಟೆಯೊಳಗೆ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈ ಮೂಲಕ ತಿಳಿಸಬೇಕು. ವಿಮೆಯವರೂ ಈ ಫೋಟೊಗಳನ್ನೇ ಕೇಳುತ್ತಾರೆ.

ಬ್ಯಾಟರಿ ಕಳಚಿದ ಮೇಲೆ, ಕೈಯಿಂದ

ಇದಕ್ಕೆ ಯಾವ ಉಪಕರಣವೂ ಬೇಡ. ಆರೂ ಮೋಟಾರನ್ನು ಒಂದಾದ ಮೇಲೊಂದು, ಒಂದೇ ವೇಗದಲ್ಲಿ ಬೆರಳಿನಿಂದ ತಿರುಗಿಸಿ. ಸರಿಯಿರುವ ಮೋಟಾರು ಸಣ್ಣ ಸಣ್ಣ ಸಮನಾದ ತಡೆಗಳೊಂದಿಗೆ ತಿರುಗುತ್ತದೆ. ಮರಳು ಅರೆದಂತೆ ಕೈಗೆ ತಾಗಿದರೆ ಬೇರಿಂಗ್ ಹೋಗಿದೆ. ಒಂದು ಮೋಟಾರು ಮಾತ್ರ ಉಳಿದವುಗಳಿಗಿಂತ ಬಹಳ ಬಿಗಿಯಾಗಿ, ಜಗ್ಗಿ ಜಗ್ಗಿ ತಿರುಗಿದರೆ ದೋಷ ಬಹುಪಾಲು ಮೋಟಾರಿನದಲ್ಲ, ಅದಕ್ಕೆ ಕರೆಂಟು ಹಂಚುವ ಇಎಸ್‌ಸಿಯದ್ದು. ಅದರೊಳಗಿನ ಟ್ರಾನ್ಸಿಸ್ಟರ್ ಸುಟ್ಟು ಶಾರ್ಟ್ ಆದಾಗ ಮೋಟಾರಿನ ತಂತಿಗಳು ಒಂದಕ್ಕೊಂದು ಸೇರಿದಂತಾಗಿ, ಮೋಟಾರು ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಇಂಥದ್ದು ಸಿಕ್ಕರೆ ಬ್ಯಾಟರಿ ಹಾಕಿ ನೋಡುವ ಆತುರ ಬೇಡ. ಶಾರ್ಟ್ ಆದ ಇಎಸ್‌ಸಿಗೆ ಬ್ಯಾಟರಿ ಕೊಟ್ಟರೆ ಕಿಡಿ ಹಾರಿ ವೈರಿಂಗೂ ಹೋಗುತ್ತದೆ.

ಮೋಟಾರಿನ ಮೇಲ್ಭಾಗವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಅಲುಗಾಟ ಇದ್ದರೆ ದಂಡದ ತಿರುಪು ಸಡಿಲವಾಗಿದೆ ಅಥವಾ ಬೇರಿಂಗ್ ಸವೆದಿದೆ. ತೋಳು ಕೊಳವೆಯಲ್ಲೇ ತಿರುಚಿಕೊಂಡು ಮೋಟಾರು ಓರೆಯಾಗಿದೆಯೇ ಎಂದು ಎದುರಿನಿಂದ ಕಣ್ಣಳತೆಯಲ್ಲಿ ನೋಡಿ. ಹೀಗೆ ಓರೆಯಾದ ಮೋಟಾರು ಬಿದ್ದಾಗ ಆದದ್ದೋ ಮುಂಚೆ ಆದದ್ದೋ ಎಂದು ಲಾಗ್ ಮಾತ್ರ ಹೇಳಬಲ್ಲದು.

ಲಾಗ್ ಓದುವುದು

ಕಂಪ್ಯೂಟರಿನ ಮಿಷನ್ ಪ್ಲ್ಯಾನರ್ ತಂತ್ರಾಂಶದಲ್ಲಿ ಆ ಹಾರಾಟದ ಲಾಗ್ ತೆರೆದು ಮೊದಲು ಮೂರೇ ಗೆರೆಗಳನ್ನು ಒಂದರ ಮೇಲೊಂದು ಎಳೆಸಿ: ಆರೂ ಮೋಟಾರಿಗೆ ಹೋದ ಆಜ್ಞೆ (ಆರ್‌ಸಿಒಯು), ಬೇಕಾದ ವಾಲು ಮತ್ತು ನಿಜವಾದ ವಾಲು (ಎಟಿಟಿ), ಬ್ಯಾಟರಿಯ ವೋಲ್ಟೇಜ್ (ಬಿಎಟಿ). ಆಮೇಲೆ ಹಿಂದಕ್ಕೆ ಸರಿಯುತ್ತಾ, ಯಾವ ಗೆರೆ ಎಲ್ಲಕ್ಕಿಂತ ಮೊದಲು ದಾರಿ ಬಿಟ್ಟಿತು ಎಂದು ಸೆಕೆಂಡಿನ ಹತ್ತನೇ ಭಾಗದ ಲೆಕ್ಕದಲ್ಲಿ ನೋಡಿ.

ಆಜ್ಞೆ ಎಂಬುದು ಸುಮಾರು 1,000ದಿಂದ 2,000ದವರೆಗಿನ ಅಂಕಿ, ಹೆಚ್ಚಿದಷ್ಟೂ ಹೆಚ್ಚು ವೇಗ. ಒಂದು ಮೋಟಾರಿನ ಆಜ್ಞೆ 1,900 ದಾಟಿ ಮೇಲಕ್ಕೆ ಚಿಮ್ಮಿ, ಅದೇ ಹೊತ್ತಿಗೆ ಎದುರು ಬದಿಯದ್ದು 1,200ರ ಕೆಳಗೆ ಇಳಿದು, ಡ್ರೋನ್ ಆ ಮೊದಲ ಮೋಟಾರಿನ ಕಡೆಗೇ ವಾಲಿದ್ದರೆ ಅನುಮಾನವೇ ಬೇಡ. ಮೇಲಕ್ಕೆ ಹೋದದ್ದೇ ಸೋತ ಮೋಟಾರು. ಇಲ್ಲಿ ಬಹಳ ಜನ ಎಡವುತ್ತಾರೆ, ಕೆಳಗಿಳಿದ ಗೆರೆಯನ್ನು ನೋಡಿ ‘ಇದು ನಿಂತಿತು’ ಎಂದು ಒಳ್ಳೆಯ ಮೋಟಾರನ್ನೇ ಬಿಚ್ಚುತ್ತಾರೆ. ಲಾಗಿನಲ್ಲಿರುವುದು ಮೋಟಾರು ತಿರುಗಿದ ವೇಗವಲ್ಲ, ಕಂಟ್ರೋಲರ್ ಕೇಳಿದ ವೇಗ. ಕೊಡಲಾಗದವರ ಹತ್ತಿರವೇ ಅದು ಹೆಚ್ಚು ಹೆಚ್ಚು ಕೇಳುತ್ತಾ ಹೋಗುತ್ತದೆ.

ಆರೂ ಗೆರೆ ಒಟ್ಟಿಗೆ ಮೇಲೇರುತ್ತಾ ವೋಲ್ಟೇಜ್ ಒಟ್ಟಿಗೆ ಇಳಿದಿದ್ದರೆ ಬ್ಯಾಟರಿ ಸೋತಿದೆ ಅಥವಾ ಭಾರ ಜಾಸ್ತಿಯಾಗಿದೆ. ಡ್ರೋನ್ ಇನ್ನೂ ಎತ್ತರದಲ್ಲಿರುವಾಗಲೇ ಲಾಗ್ ಕತ್ತರಿಸಿದಂತೆ ನಿಂತಿದ್ದರೆ ಕಂಟ್ರೋಲರಿಗೇ ಕರೆಂಟು ಹೋಗಿದೆ, ಕನೆಕ್ಟರ್ ಮತ್ತು ಪವರ್ ಮಾಡ್ಯೂಲ್ ನೋಡಿ. ಬೇಕಾದ ವಾಲೇ ಹುಚ್ಚಾಗಿ ಕುಣಿದು, ನಿಜವಾದ ವಾಲು ಅದನ್ನು ನಿಷ್ಠೆಯಿಂದ ಹಿಂಬಾಲಿಸಿದ್ದರೆ ಮೋಟಾರುಗಳದ್ದು ಏನೂ ತಪ್ಪಿಲ್ಲ. ದಿಕ್ಸೂಚಿ, ಜಿಪಿಎಸ್ ಅಥವಾ ಹಾರಿಸಿದವರ ಕೈ ಕಾರಣ.

ಕಂಪನದ ಗೆರೆ (ವೈಬ್) 30ರ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ಎತ್ತರದ ಲೆಕ್ಕವೇ ತಪ್ಪಿ ಡ್ರೋನ್ ತಾನಾಗಿ ಏರಬಹುದು, ಇಳಿಯಬಹುದು. ಹಿಂದಿನ ವಾರದ ಒಂದು ಒಳ್ಳೆಯ ಹಾರಾಟದ ಲಾಗ್ ಕೈಯಲ್ಲಿದ್ದರೆ ಹೋಲಿಸಿ ನೋಡಿ. ಬೇರಿಂಗ್ ಸವೆಯುವುದು ಒಂದು ದಿನದಲ್ಲಿ ಅಲ್ಲ, ಕಂಪನ ದಿನದಿಂದ ದಿನಕ್ಕೆ ಏರಿದ್ದು ಅಲ್ಲಿ ಕಾಣುತ್ತದೆ.

ಬ್ಯಾಟರಿ ಮತ್ತು ಕನೆಕ್ಟರ್

12 ಸೆಲ್ ಬ್ಯಾಟರಿ ತುಂಬಿದಾಗ 50.4 ವೋಲ್ಟ್. ಭಾರ ಹೊತ್ತು ಹಾರುವಾಗ 43.2ಕ್ಕೆ ಬಂದರೆ ಇಳಿಸುವ ಹೊತ್ತಾಯಿತು, 42ರ ಕೆಳಗೆ ಹಾರಿಸುವುದು ಬ್ಯಾಟರಿಯನ್ನೂ ಡ್ರೋನನ್ನೂ ಪಣಕ್ಕಿಟ್ಟಂತೆ. ಆದರೆ ಒಟ್ಟು ವೋಲ್ಟೇಜ್ ಒಂದನ್ನೇ ನಂಬಬೇಡಿ. ಹನ್ನೊಂದು ಸೆಲ್ ಚೆನ್ನಾಗಿದ್ದು ಒಂದು ಮಾತ್ರ ದುರ್ಬಲವಾಗಿದ್ದರೆ ಒಟ್ಟು ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಟ್ಯಾಂಕಿನೊಂದಿಗೆ ಏರುವಾಗ ಆ ಒಂದು ಕುಸಿಯುತ್ತದೆ. ಚಾರ್ಜ್ ಆಗಿ ಅರ್ಧ ಗಂಟೆ ಬಿಟ್ಟು ಸೆಲ್ ಸೆಲ್ಲಾಗಿ ಅಳೆಯಿರಿ. ಹೆಚ್ಚು ಕಡಿಮೆಯ ಅಂತರ 0.05 ವೋಲ್ಟ್ ದಾಟಿದರೆ ಆ ಬ್ಯಾಟರಿಗೆ ಪೂರ್ತಿ ಭಾರ ಕೊಡಬೇಡಿ. 0.1 ದಾಟಿದರೆ, ಅಥವಾ ಮೈ ಉಬ್ಬಿದ್ದರೆ, ಕೆಲಸದಿಂದ ತೆಗೆಯಿರಿ. ಮಳೆ ಹೊಳವಾದಾಗ ಮಾತ್ರ ಕೆಲಸ ಸಾಗುವ ಜೂನ್–ಜುಲೈಯಲ್ಲಿ ಬಿಸಿ ಬ್ಯಾಟರಿಯನ್ನೇ ಮತ್ತೆ ಚಾರ್ಜಿಗೆ ಹಾಕುವ ಅವಸರ ಎಲ್ಲರಿಗೂ ಇರುತ್ತದೆ. ಕೈ ಇಟ್ಟರೆ ಬೆಚ್ಚಗೂ ಅನ್ನಿಸದಷ್ಟು ಆರಿದ ಮೇಲೆಯೇ ಹಾಕಬೇಕು. ಕೆಲಸ ಇಲ್ಲದ ವಾರಗಳಲ್ಲಿ ತುಂಬಿಸಿಡದೆ ಸೆಲ್ಲಿಗೆ 3.8 ವೋಲ್ಟಿನಂತೆ, ಅಂದರೆ ಒಟ್ಟು 45.6ಕ್ಕೆ ಇಳಿಸಿಡಿ.

ಕನೆಕ್ಟರಿನ ಹಿತ್ತಾಳೆ ತುದಿ ಕಪ್ಪಾಗಿದ್ದರೆ, ಗುಳಿ ಬಿದ್ದಿದ್ದರೆ ಅಲ್ಲಿ ತಡೆ ಹುಟ್ಟಿದೆ. ಹಾರುವಾಗ 70–80 ಆಂಪಿಯರ್ ಹರಿಯುವ ದಾರಿ ಅದು. ಸಣ್ಣ ತಡೆಯೂ ಕಾದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮರಳು ಕಾಗದದಿಂದ ಉಜ್ಜಿ ಹೊಳಪು ತರಿಸುವುದು ಮದ್ದಲ್ಲ. ಎರಡೂ ಬದಿಯನ್ನು ಹೊಸದು ಹಾಕಿ.

ಮೈಲುತುತ್ತ ಮಾಡುವ ಹಾನಿ

ನಮ್ಮ ಕಡೆಯ ಡ್ರೋನುಗಳಿಗೆ ಬಯಲುಸೀಮೆಯ ಡ್ರೋನಿಗಿಲ್ಲದ ಒಂದು ಶತ್ರು ಇದೆ. ಅದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ ಎಂಬ ಲೆಕ್ಕ ತೋಟದವರಿಗೆ ಬಾಯಿಪಾಠ. ಸುಣ್ಣ ಹಳೆಯದಾಗಿ ಕಸುವು ಕಳೆದುಕೊಂಡಿದ್ದರೆ ಅದೇ ತೂಕ ಹಾಕಿದರೂ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿಯುತ್ತದೆ. ಹಿರಿಯರು ಇದನ್ನು ಕತ್ತಿಯಿಂದ ಪರೀಕ್ಷಿಸುತ್ತಾರೆ: ತಿಕ್ಕಿ ಬೆಳಗಿದ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಎಳೆ ಕಾಯಿ, ಸೋಗೆ ಸುಡಬಾರದೆಂದು ಮಾಡುವ ಪರೀಕ್ಷೆ ಇದು.

ಡ್ರೋನಿಗೂ ಇದೇ ಪರೀಕ್ಷೆ ಬೇಕು. ಅಲಗಿನ ಮೇಲೆ ತಾಮ್ರವನ್ನು ಕೂರಿಸಿದ ಕ್ರಿಯೆಯೇ ಮೋಟಾರಿನ ಅಲ್ಯೂಮಿನಿಯಮ್ ಮೈಯ ಮೇಲೆ, ತೋಳಿನ ಹಿಡಿಕೆಯ ಮೇಲೆ, ಬೇರಿಂಗಿನ ಉಕ್ಕಿನ ಮೇಲೆ ನಡೆಯುತ್ತದೆ: ತಾಮ್ರ ಕೂರುತ್ತದೆ, ಕೆಳಗಿನ ಲೋಹ ಕರಗಿ ಹೋಗುತ್ತದೆ. ಸುಣ್ಣ ಹೆಚ್ಚಾದರೂ ಅಲ್ಯೂಮಿನಿಯಮ್ಮಿಗೆ ಒಳ್ಳೆಯದಲ್ಲ. ಪ್ರೊಪೆಲ್ಲರಿನ ಗಾಳಿ ತುಂತುರನ್ನು ಸುತ್ತಿ ಮೇಲಕ್ಕೆ ತರುವುದರಿಂದ ಮೋಟಾರಿನ ಗಾಳಿಕಿಂಡಿಯೊಳಗೆ ನೀಲಿ ಹುಡಿ ಕೂತಿರುತ್ತದೆ. ಬಿಚ್ಚಿದಾಗ ಕಿಂಡಿಯ ಅಂಚಿನಲ್ಲಿ ಬಿಳಿ ಬೂಷ್ಟಿನಂತೆ ಎದ್ದದ್ದು ಕಂಡರೆ ಅದು ಅಲ್ಯೂಮಿನಿಯಮ್ ಕೊರೆದ ಗುರುತು. ಪ್ರೊಪೆಲ್ಲರಿನ ಒಂದು ಎಲೆಯ ಮೇಲೆ ಮಾತ್ರ ಒಣಗಿದ ಸುಣ್ಣ ಜಾಸ್ತಿ ಇದ್ದರೆ ತೂಕ ತಪ್ಪಿ ಕಂಪನ ಏರುತ್ತದೆ, ಕಂಪನ ಬೇರಿಂಗನ್ನು ತಿನ್ನುತ್ತದೆ. ಅರಬ್ಬಿ ಸಮುದ್ರದ ದಂಡೆಯ ಹೊನ್ನಾವರ, ಅಂಕೋಲಾ ಕಡೆ ಉಪ್ಪುಗಾಳಿಯೂ ಸೇರಿ ಇದೆಲ್ಲ ಇನ್ನಷ್ಟು ಬೇಗ ಆಗುತ್ತದೆ.

ಆದ್ದರಿಂದ ತೊಳೆಯುವುದನ್ನು ನಾಳೆಗೆ ಇಡಬೇಡಿ. ಟ್ಯಾಂಕಿಗೆ ಒಳ್ಳೆಯ ನೀರು ತುಂಬಿ ಮೂರು ಸಲ ಪಂಪಿನಿಂದಲೇ ಹೊರಬಿಡಿ. ಫಿಲ್ಟರ್, ನಾಜಲ್ ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ಉಜ್ಜಿ, ತೊಳೆಯಿರಿ. ವಿನೆಗರ್ ಮೋಟಾರಿನ ಹತ್ತಿರ ಹೋಗಬಾರದು. ಮೋಟಾರನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ಒಣ ಬಟ್ಟೆ ಹಿಡಿಯಿರಿ. ಬೈಕ್ ತೊಳೆಯುವ ಪ್ರೆಷರ್ ಗನ್ ಹಿಡಿದರೆ ನೀರು, ಹುಡಿ ಎರಡೂ ಬೇರಿಂಗಿನೊಳಗೇ ಹೊಕ್ಕುತ್ತವೆ. ಇಳಿದ ಕೂಡಲೇ ಆರೂ ಮೋಟಾರಿನ ಬಿಸಿ ನೋಡುವ ಅಭ್ಯಾಸ ಇರಲಿ. ಐದು ಒಂದೇ ಸಮ ಬೆಚ್ಚಗಿದ್ದು ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮುಂದಿನ ಟ್ಯಾಂಕ್ ತುಂಬಬೇಡಿ.

ಮೋಟಾರು ಸರಿಯಿದ್ದೂ ಬಿದ್ದಿದ್ದರೆ

ಆರ್ಡುಪೈಲಟ್‌ನಲ್ಲಿ ಆರ್‌ಟಿಎಲ್ ಎತ್ತರ ಬದಲಿಸದಿದ್ದರೆ 15 ಮೀಟರ್ ಇರುತ್ತದೆ. ಅದನ್ನು ಅಳೆಯುವುದು ಡ್ರೋನ್ ಎದ್ದ ಜಾಗದಿಂದ, ಕೆಳಗಿನ ನೆಲದಿಂದ ಅಲ್ಲ. ಕಣಿವೆಯ ಅಂಗಳದಿಂದ ಎದ್ದು ಸೊಪ್ಪಿನ ಬೆಟ್ಟದ ಪಕ್ಕದ ತುಂಡಿನಲ್ಲಿ ಹೊಡೆಯುತ್ತಿರುವಾಗ ಸಿಗ್ನಲ್ ತಪ್ಪಿದರೆ, ಆಗ 15 ಮೀಟರಿಗಿಂತ ಕೆಳಗಿದ್ದ ಡ್ರೋನ್ ಸೆಟ್ಟಿಂಗಿನಂತೆ 15 ಮೀಟರಿನಲ್ಲೇ ಮನೆಗೆ ಹೊರಡುತ್ತದೆ, ಅಡಿಕೆ ಮರದ ತಲೆಯೂ ಅಷ್ಟೇ ಎತ್ತರದಲ್ಲಿರುತ್ತದೆ. ಸುತ್ತಲಿನ ಅತಿ ಎತ್ತರದ ಮರಕ್ಕಿಂತ 10 ಮೀಟರ್ ಮೇಲೆ ಇಡಿ, ಪ್ರತಿ ತೋಟದಲ್ಲೂ ಹೊಸದಾಗಿ ಲೆಕ್ಕ ಹಾಕಿ.

ಮರದ ತಲೆಗಳ ನಡುವಿನ ಸಂದಿಯಲ್ಲಿ ಕೆಳಗೆ ನೋಡುವ ರಾಡಾರ್ ಒಮ್ಮೆ ಸೋಗೆಯನ್ನು, ಒಮ್ಮೆ ನೆಲವನ್ನು ಕಾಣುತ್ತದೆ. ನೆಲ ಕಂಡ ಕ್ಷಣ ‘ಎತ್ತರ ಜಾಸ್ತಿಯಾಯಿತು’ ಎಂದು ಡ್ರೋನನ್ನು ಸಂದಿಯೊಳಗೆ ಇಳಿಸುತ್ತದೆ. ಗದ್ದೆಯಲ್ಲಿ ಬಹಳ ಉಪಕಾರಿಯಾದ ಈ ರಾಡಾರ್ ಹಿಂಬಾಲಿಕೆಯನ್ನು, ಮರ ಸತ್ತು ತೆರಪು ಬಿದ್ದ ಹಳೆಯ ತೋಟದಲ್ಲಿ ಬಂದ್ ಮಾಡುವುದೇ ವಾಸಿ. ದಿಕ್ಸೂಚಿಯನ್ನು ಪಿಕಪ್ ಗಾಡಿ, ತಗಡಿನ ಮಾಡು, ಕಬ್ಬಿಣದ ಕಂಬದ ಹತ್ತಿರ ಸರಿಹೊಂದಿಸಬೇಡಿ. ಇನ್ನು ಕಾರವಾರ ತಾಲೂಕಿನಲ್ಲಿ ಡ್ರೋನ್ ಆರ್ಮ್ ಆಗಲು ಒಪ್ಪದಿದ್ದರೆ ಮೋಟಾರು ಬಿಚ್ಚುವ ಮುನ್ನ ಅಲ್ಲಿ ಹಾರಾಟಕ್ಕೆ ನಿರ್ಬಂಧ ಇದೆಯೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ; ಕೈಗಾ ಅಣುಸ್ಥಾವರ, ಕದಂಬ ನೌಕಾನೆಲೆ ಇರುವ ತಾಲೂಕು ಅದು.

ರಿಪೇರಿ ಆದ ಮೇಲೆ

ಬೇರಿಂಗ್ ಹೋದ ಮೋಟಾರಿನ ಜೊತೆಗೆ ಅದರ ಎದುರು ಬದಿಯದ್ದನ್ನೂ ಬಿಚ್ಚಿ ನೋಡಿ. ಬಿದ್ದ ಡ್ರೋನಿನ ಪ್ರೊಪೆಲ್ಲರುಗಳಲ್ಲಿ ಕಣ್ಣಿಗೆ ಸರಿ ಕಂಡವನ್ನೂ ಉಳಿಸಿಕೊಳ್ಳಬೇಡಿ, ಕಾರ್ಬನ್ನಿನ ಒಳಸೀಳು ಹೊರಗೆ ಕಾಣುವುದಿಲ್ಲ. ಪ್ರೊಪೆಲ್ಲರ್ ಇಲ್ಲದೆ ಒಂದೊಂದೇ ಮೋಟಾರನ್ನು ಮೋಟಾರ್ ಟೆಸ್ಟಿನಲ್ಲಿ ತಿರುಗಿಸಿ, ಸಂಖ್ಯೆ ಮತ್ತು ತಿರುಗುವ ದಿಕ್ಕನ್ನು ನಕ್ಷೆಗೆ ಹೊಂದಿಸಿ ನೋಡಿ. ತಂತಿ ಅದಲುಬದಲಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮೊದಲ ಹಾರಾಟ ಖಾಲಿ ಟ್ಯಾಂಕಿನಲ್ಲಿ, ತೆರೆದ ಬ್ಯಾಣದಲ್ಲಿ, ಎದೆಯೆತ್ತರಕ್ಕೆ, ಎರಡು ನಿಮಿಷ. ಇಳಿಸಿ ಮೋಟಾರಿನ ಬಿಸಿ ನೋಡಿ, ಲಾಗಿನಲ್ಲಿ ಆರೂ ಆಜ್ಞೆಗಳನ್ನು ಹೋಲಿಸಿ. ಗಾಳಿಯಿಲ್ಲದಾಗ ಒಂದು ಉಳಿದವುಗಳಿಗಿಂತ 100ಕ್ಕೂ ಹೆಚ್ಚು ಮೇಲಿದ್ದರೆ ಆ ತೋಳು ಇನ್ನೂ ಓರೆಯಾಗಿದೆ, ಅಥವಾ ಟ್ಯಾಂಕಿನ ಭಾರ ಮಧ್ಯಕ್ಕೆ ಕೂತಿಲ್ಲ. ಆಮೇಲೆ 3 ಲೀಟರ್ ಬರೀ ನೀರು, ನಂತರ 7 ಲೀಟರ್, ಪ್ರತಿ ಸಲವೂ ಇಳಿಸಿ ಅದೇ ಪರೀಕ್ಷೆ. ಮೂರೂ ಹಾರಾಟದಲ್ಲಿ ಕಂಪನದ ಗೆರೆ 30ರ ಒಳಗೇ ಇದ್ದರೆ ಮಾತ್ರ ಮದ್ದು ತುಂಬಿ ತೋಟಕ್ಕೆ ಒಯ್ಯಿರಿ.